ರಿಲೀಫ್ ವಾಲ್ವ್ ತೆರೆದ ಮೇಲೆ ಮತ್ತೆ ಮುಚ್ಚಬೇಕಲ್ವಾ?

ಟ್ಯಾಂಕಿನಲ್ಲಿ ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆದು ಹೊರಗೆ ಬಿಡುವುದು ರಿಲೀಫ್ ವಾಲ್ವ್. ಅದು ಬೇಕು ಅಂತ ಬರುವವರು ಮೊದಲು ಕೇಳುವುದು ಎಷ್ಟು ಬಾರ್ ಒತ್ತಡಕ್ಕೆ ತೆರೆಯುತ್ತದೆ ಅಂತ. ಆಮೇಲೆ ರೇಟ್ ಎಷ್ಟು ಅಂತ. ತೆರೆದ ಮೇಲೆ ಸರಿಯಾಗಿ ಮುಚ್ಚುತ್ತಾ, ಮೈನಸ್ 196 ಡಿಗ್ರಿಯಲ್ಲಿ ಮುಚ್ಚುತ್ತಾ, ನಾಲ್ಕಾರು ಸಲ ತೆರೆದು ಮುಚ್ಚಿದ ಮೇಲೂ ಹಾಗೇ ಮುಚ್ಚುತ್ತಾ ಅಂತ ಕೇಳುವವರು ತೀರಾ ಕಮ್ಮಿ. ನಾನು ಕ್ರಯೋಜೆನಿಕ್, ಅಂದರೆ ಅತಿ ಚಳಿಯ ದ್ರವಗಳಿಗೆ ಬಳಸುವ ವಾಲ್ವ್‌ಗಳ ಟೆಸ್ಟಿಂಗ್ ಕೆಲಸದಲ್ಲಿ ಇರುವವನು. ನನಗೆ ಆ ಮುಚ್ಚುವ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತದೆ. ಅದು ಎಷ್ಟು ದೊಡ್ಡದು ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ.

2021ರ ಆಗಸ್ಟ್ 12. ಶ್ರೀಹರಿಕೋಟಾದಿಂದ ಬೆಳಗ್ಗೆ 5.43ಕ್ಕೆ ಇಸ್ರೋದ ಜಿಎಸ್‌ಎಲ್‌ವಿ-ಎಫ್10 ರಾಕೆಟ್ ಹಾರಿತು. ಮೇಲೆ ಇದ್ದದ್ದು ಇಒಎಸ್-03 ಉಪಗ್ರಹ. ಮೊದಲ ಹಂತ ಸರಿ, ಎರಡನೇ ಹಂತವೂ ಸರಿ. ಮೂರನೆಯದು ಕ್ರಯೋಜೆನಿಕ್ ಹಂತ, ಅದು ಹೊತ್ತಿಕೊಳ್ಳಲೇ ಇಲ್ಲ. ಉಪಗ್ರಹ ಹೋಯಿತು. ಅವತ್ತು ಟಿವಿಯಲ್ಲಿ 'ಕ್ರಯೋಜೆನಿಕ್ ಎಂಜಿನ್ ವೈಫಲ್ಯ' ಅಂತ ಬಂತು, ಎಷ್ಟೋ ಜನ ಎಂಜಿನ್ನೇ ಸರಿ ಇರಲಿಲ್ಲ ಅಂದುಕೊಂಡರು. ಆದರೆ ತನಿಖಾ ಸಮಿತಿ ಹುಡುಕುತ್ತಾ ಹೋಗಿ ನಿಂತದ್ದು ಎಂಜಿನ್ ಹತ್ತಿರ ಅಲ್ಲ, ದ್ರವ ಹೈಡ್ರೋಜನ್ ಟ್ಯಾಂಕಿನ ಮೇಲಿದ್ದ ವೆಂಟ್ ಅಂಡ್ ರಿಲೀಫ್ ವಾಲ್ವ್ ಹತ್ತಿರ. ಹಾರಾಟದಲ್ಲಿ ಟ್ಯಾಂಕಿನ ಒತ್ತಡ ಜಾಸ್ತಿ ಆದರೆ ಹೊರಗೆ ಬಿಡುವುದು ಆ ವಾಲ್ವ್‌ನ ಕೆಲಸ. ಅದು ಲೀಕ್ ಆಗುತ್ತಿತ್ತು.

ಆಮೇಲೆ ನಡೆದದ್ದು ಸರಪಳಿ. ಲೀಕ್ ಆದದ್ದರಿಂದ ಟ್ಯಾಂಕಿನಲ್ಲಿ ಏರಬೇಕಾದಷ್ಟು ಒತ್ತಡ ಏರಲಿಲ್ಲ. ಟ್ಯಾಂಕಿನ ಒಳಗೇ ಒಂದು ಬೂಸ್ಟರ್ ಪಂಪ್ ಇರುತ್ತದೆ, ಮುಖ್ಯ ಟರ್ಬೋಪಂಪ್‌ಗೆ ಹೈಡ್ರೋಜನ್ ತಳ್ಳಿಕೊಡುವುದು ಅದೇ. ಒತ್ತಡ ಸಾಲದೆ ಆ ಬೂಸ್ಟರ್ ಪಂಪ್ ಸರಿಯಾಗಿ ಕೆಲಸ ಮಾಡಲಿಲ್ಲ. ಎಂಜಿನ್‌ಗೆ ಬೇಕಾದಷ್ಟು ಹೈಡ್ರೋಜನ್ ಬರಲಿಲ್ಲ. ಕಾರಣ ಬಹುಪಾಲು ವಾಲ್ವ್‌ನ ಸಾಫ್ಟ್ ಸೀಲ್ (ಅನಿಲ ತಡೆಯುವ ಮೆತ್ತಗಿನ ಉಂಗುರ) ಹಾಳಾಗಿದ್ದದ್ದು ಅಂತ ಸಮಿತಿ ಹೇಳಿತು. ವಾಲ್ವ್ ತೆರೆದು ಮುಚ್ಚುವಾಗ ಹಾಳಾಗಿರಬಹುದು, ಅಥವಾ ಕಸ ಸೇರಿ, ಕೂರಿಸಿದ ಬಿಗಿತದ ಒತ್ತಡ ಚಳಿಯಲ್ಲಿ ಕೆಲಸ ಮಾಡಿ ಹಾಳಾಗಿರಬಹುದು. ಆ ಮಾತು ಓದಿದಾಗ ನನಗೆ ಏನೂ ಆಶ್ಚರ್ಯ ಆಗಲಿಲ್ಲ. ಈ ಕೆಲಸ ಮಾಡುವ ಯಾರಿಗೂ ಆಗಿರಲಿಕ್ಕಿಲ್ಲ. ವಾಲ್ವ್ ತೆರೆಯದೆ ಸಿಡಿದದ್ದಲ್ಲ ಇದು, ಮುಚ್ಚದೆ ಸೋತದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ರಯೋಜೆನಿಕ್ ಟ್ಯಾಂಕಿಗೆ ರಿಲೀಫ್ ವಾಲ್ವ್ ಯಾಕೆ ಬೇಕೇ ಬೇಕು? ಒಳಗಿನ ದ್ರವ ಯಾವಾಗಲೂ ಕುದಿಯುವ ಅಂಚಿನಲ್ಲೇ ಇರುತ್ತದೆ. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್, ನೈಟ್ರೋಜನ್ ಮೈನಸ್ 196, ಹೈಡ್ರೋಜನ್ ಮೈನಸ್ 253, ಹೀಲಿಯಂ ಮೈನಸ್ 269. ಎಷ್ಟೇ ಒಳ್ಳೆಯ ನಿರ್ವಾತದ ಕವಚ ಹಾಕಿದರೂ ಹೊರಗಿನ ಶಾಖ ಸ್ವಲ್ಪ ಸ್ವಲ್ಪ ಒಳಗೆ ನುಗ್ಗುತ್ತಲೇ ಇರುತ್ತದೆ. ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾಗಿ ನಮ್ಮ ಕೋಣೆಯ ಬಿಸಿಗೆ ಬಂದರೆ ಸುಮಾರು 700 ಲೀಟರ್ ಅನಿಲ. ಜಾಗ ಕೊಡದಿದ್ದರೆ ಒತ್ತಡ ಏರುತ್ತದೆ. ಪೈಪಿನಲ್ಲಿ ಎರಡು ವಾಲ್ವ್‌ಗಳ ನಡುವೆ ಪೂರ್ತಿ ದ್ರವ ಸಿಕ್ಕಿಕೊಂಡು ಹಾಗೇ ಬಿಸಿಯಾದರೆ ಲೆಕ್ಕದ ಪ್ರಕಾರ ಒತ್ತಡ ಎರಡು ಸಾವಿರ ಬಾರ್ ದಾಟುತ್ತದೆ, ಅಷ್ಟರೊಳಗೆ ಪೈಪ್ ಹೋಗಿರುತ್ತದೆ ಬಿಡಿ. ಅದಕ್ಕೇ ಮುಚ್ಚಿ ಹಾಕಬಹುದಾದ ಎರಡು ವಾಲ್ವ್ ಎಲ್ಲಿದ್ದರೂ ನಡುವೆ ಒಂದು ರಿಲೀಫ್ ಇರಲೇಬೇಕು. ಡ್ರಾಯಿಂಗ್ ನೋಡುವಾಗ ನಾನು ಮೊದಲು ಬೆರಳಿಟ್ಟು ಹುಡುಕುವುದು ಇದನ್ನೇ.

ಅಡುಗೆಮನೆಯ ಕುಕ್ಕರ್‌ನಲ್ಲಿ ಮೇಲೊಂದು ವಿಸಲ್ ಇರುತ್ತದೆ, ಪಕ್ಕದಲ್ಲಿ ಸೇಫ್ಟಿ ಪ್ಲಗ್ ಇರುತ್ತದೆ. ವಿಸಲ್ ಎದ್ದು ಮತ್ತೆ ಕೂರುತ್ತದೆ. ಪ್ಲಗ್ ಒಮ್ಮೆ ಹೋದರೆ ಹೋಯಿತು. ದೊಡ್ಡ ಟ್ಯಾಂಕಿನಲ್ಲೂ ಹೀಗೇ, ರಿಲೀಫ್ ವಾಲ್ವ್ ಒಂದು, ಅದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಒಡೆಯುವ ರಪ್ಚರ್ ಡಿಸ್ಕ್ ಇನ್ನೊಂದು. ಡಿಸ್ಕ್ ಒಡೆದರೆ ಟ್ಯಾಂಕ್ ಉಳಿಯುತ್ತದೆ, ಒಳಗಿದ್ದದ್ದು ಉಳಿಯುವುದಿಲ್ಲ. ಹಾಗಾಗಿ ದಿನನಿತ್ಯದ ಭಾರ ಎಲ್ಲಾ ವಾಲ್ವ್ ಮೇಲೆ.

ಈಗ ಚಳಿಗೆ ಬರೋಣ. ವಾಲ್ವ್ ಮುಚ್ಚುವುದು ಅಂದರೆ ಒಳಗಿನ ಒಂದು ಬಿಲ್ಲೆ (ಡಿಸ್ಕ್) ಬಾಯಿಯ ಅಂಚಿನ (ಸೀಟ್) ಮೇಲೆ ಸುತ್ತಲೂ ಸಮವಾಗಿ ಕೂರುವುದು. ಲೋಹದ ಮೇಲೆ ಲೋಹ ಕೂರಿಸಿ ಅನಿಲ ನಿಲ್ಲಿಸುವುದು ಕಷ್ಟ, ಅದಕ್ಕೇ ಒಂದು ಕಡೆ ಮೆತ್ತಗಿನ ಸೀಲ್ ಹಾಕುತ್ತಾರೆ. ರಬ್ಬರ್ ಇಲ್ಲಿ ನಡೆಯುವುದಿಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿ ಸೀಳುತ್ತದೆ. ಟೆಫ್ಲಾನ್, ಪಿಸಿಟಿಎಫ್‌ಇ, ಪಾಲಿಇಮೈಡ್ ಇಂಥ ಪ್ಲಾಸ್ಟಿಕ್‌ಗಳನ್ನು ಹಾಕುತ್ತಾರೆ. ಆದರೆ ಟೆಫ್ಲಾನ್ ಕೋಣೆಯ ಬಿಸಿಯಿಂದ ನೈಟ್ರೋಜನ್ ಚಳಿಗೆ ಹೋದರೆ ಉದ್ದದಲ್ಲಿ ಹತ್ತಿರ ಹತ್ತಿರ ಶೇ 2ರಷ್ಟು ಕುಗ್ಗುತ್ತದೆ. ಅದನ್ನು ಹಿಡಿದಿರುವ ಸ್ಟೇನ್‌ಲೆಸ್ ಸ್ಟೀಲ್ ಕುಗ್ಗುವುದು ಶೇ 0.3ರಷ್ಟು ಮಾತ್ರ. 25 ಮಿ.ಮೀ. ವ್ಯಾಸದ ಉಂಗುರ ಅಂದುಕೊಳ್ಳಿ. ಸೀಲ್ ಅರ್ಧ ಮಿ.ಮೀ. ಚಿಕ್ಕದಾಗುತ್ತದೆ, ಅದು ಕೂರುವ ಲೋಹದ ಮನೆ 0.07 ಮಿ.ಮೀ. ಅಷ್ಟೇ ಚಿಕ್ಕದಾಗುತ್ತದೆ. ಬೆಚ್ಚಗಿದ್ದಾಗ ಬಿಗಿಯಾಗಿ ಕೂತ ಸೀಲ್ ಈಗ ತನ್ನ ಮನೆಯೊಳಗೆ ಸಡಿಲ. ಅಥವಾ ಒಳಗಡೆ ಲೋಹ ಇದ್ದರೆ ಅದರ ಮೇಲೆ ಬಿಗಿದುಕೊಂಡು ಎಳೆತಕ್ಕೆ ಸಿಕ್ಕಿರುತ್ತದೆ. ಅಷ್ಟೇ ಅಲ್ಲ, ಅದು ಮೆತ್ತಗೂ ಉಳಿದಿರುವುದಿಲ್ಲ. ಬೆಚ್ಚಗಿದ್ದಾಗ ಸಣ್ಣ ಗೀರು, ಸಣ್ಣ ಧೂಳನ್ನು ನುಂಗಿಕೊಂಡು ಮುಚ್ಚುತ್ತಿದ್ದ ಸೀಲ್, ಚಳಿಯಲ್ಲಿ ಏನನ್ನೂ ನುಂಗುವುದಿಲ್ಲ.

ಅದಕ್ಕೇ ಕಸದ ಬಗ್ಗೆ ನಾವು ಅಷ್ಟು ತಲೆ ಕೆಡಿಸಿಕೊಳ್ಳುವುದು. ಪೈಪ್ ಕೊರೆದಾಗ ಉಳಿದ ಕೂದಲೆಳೆಯಂಥ ಸ್ಟೀಲ್ ಚೂರು ಒಂದು ಸೀಟ್ ಮೇಲೆ ಬಂದು ಕೂತರೆ, ವಾಲ್ವ್ ಮುಚ್ಚುವ ಹೊಡೆತಕ್ಕೆ ಅದು ಸೀಲ್‌ನ ತುಟಿಯಲ್ಲಿ ಅಚ್ಚು ಒತ್ತುತ್ತದೆ. ಚೂರು ಮುಂದಿನ ಸಲ ಹಾರಿಹೋಗಬಹುದು, ಅಚ್ಚು ಉಳಿಯುತ್ತದೆ. ಬಿಚ್ಚಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಹೊಳೆಯುವ ಉಂಗುರದ ಮೇಲೆ ಒಂದೇ ಒಂದು ಮಂದವಾದ ಅಡ್ಡಗೆರೆ. ಒಳಗಿನ ಅಂಚಿನಿಂದ ಹೊರಗಿನ ಅಂಚಿಗೆ ಹೋಗಿರುತ್ತದೆ. ಅನಿಲಕ್ಕೆ ಅಷ್ಟು ದಾರಿ ಸಾಕು. ತೇವಾಂಶದ್ದು ಇನ್ನೊಂದು ಕಾಟ. ವಾಲ್ವ್ ತೆರೆದು ಅನಿಲ ಹೋದ ಮೇಲೆ ಹೊರಗಿನ ಗಾಳಿ ತಣ್ಣಗಿನ ಸೀಟ್ ಹತ್ತಿರ ಬಂದರೆ ಅದರ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಹೈಡ್ರೋಜನ್, ಹೀಲಿಯಂ ಚಳಿಯಲ್ಲಂತೂ ನೀರು ಬೇಡ, ಗಾಳಿಯೇ ಮಂಜಾಗುತ್ತದೆ. ನೈಟ್ರೋಜನ್ ಮೈನಸ್ 210 ಡಿಗ್ರಿಯಲ್ಲೇ ಗಟ್ಟಿಯಾಗುವ ವಸ್ತು.

ನೆಲದ ಮೇಲಿನ ಟ್ಯಾಂಕಿಗೆ ಇದಕ್ಕೊಂದು ಸುಲಭ ಉಪಾಯ ಇದೆ: ವಾಲ್ವನ್ನು ಚಳಿಯಿಂದ ದೂರ ಇಡುವುದು. ಉದ್ದದ ತೆಳ್ಳಗಿನ ಪೈಪ್ ಎಳೆದು ಅದರ ತುದಿಯಲ್ಲಿ ಕೂರಿಸಿದರೆ ವಾಲ್ವ್ ಕೋಣೆಯ ಬಿಸಿಯಲ್ಲೇ ಇರುತ್ತದೆ, ತೆರೆದಾಗ ಮಾತ್ರ ತಣ್ಣಗಾಗುತ್ತದೆ. ಆದರೆ ಇದೂ ಪುಕ್ಕಟೆ ಅಲ್ಲ. ಪೈಪ್ ಉದ್ದ ಆದಷ್ಟೂ ಹರಿಯುವಾಗ ಅದರಲ್ಲೇ ಒತ್ತಡ ಇಳಿಯುತ್ತದೆ. ವಾಲ್ವ್ ತೆರೆಯಿತು, ಹರಿವು ಶುರುವಾಯಿತು, ಬಾಯಿಯಲ್ಲಿ ಒತ್ತಡ ಕುಸಿಯಿತು, ವಾಲ್ವ್ ಮುಚ್ಚಿತು, ಮತ್ತೆ ಒತ್ತಡ ಏರಿತು, ಮತ್ತೆ ತೆರೆಯಿತು. ಸೆಕೆಂಡಿಗೆ ಹತ್ತಾರು ಸಲ ಪಟಪಟ ಬಡಿಯುತ್ತಾ ತನ್ನ ಸೀಟನ್ನು ತಾನೇ ಜಜ್ಜಿಕೊಳ್ಳುತ್ತದೆ. ಅದಕ್ಕೇ ಒಳಬರುವ ಪೈಪಿನಲ್ಲಿ ಒತ್ತಡದ ಇಳಿತ ಸೆಟ್ ಪ್ರೆಶರ್‌ನ (ವಾಲ್ವ್ ತೆರೆಯಲು ನಿಗದಿ ಮಾಡಿದ ಒತ್ತಡದ) ಶೇ 3 ಮೀರಬಾರದು ಅನ್ನುವ ನಿಯಮ. ಹೀಲಿಯಂನಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಒಂದು ತುದಿ ದ್ರವದ ಚಳಿಯಲ್ಲಿ ತೆರೆದಿದ್ದು ಇನ್ನೊಂದು ತುದಿ ಬೆಚ್ಚಗೆ ಮುಚ್ಚಿದ್ದರೆ, ಪೈಪಿನೊಳಗಿನ ಅನಿಲ ತಾನಾಗಿಯೇ ಕೊಳಲಿನ ಒಳಗಿನ ಗಾಳಿಯಂತೆ ಅಲುಗಾಡಲು ಶುರು ಮಾಡುತ್ತದೆ, ಟ್ಯಾಕೊನಿಸ್ ಆಂದೋಲನ ಅಂತಾರೆ. ಆ ಅಲುಗಾಟ ಟ್ಯಾಂಕಿಗೆ ಶಾಖವನ್ನು ಪಂಪ್ ಮಾಡುತ್ತದೆ. ಒತ್ತಡ ಇಳಿಸಲು ಹಾಕಿದ ಪೈಪೇ ಒತ್ತಡ ಏರಿಸುವ ಕೆಲಸಕ್ಕೆ ಇಳಿಯುತ್ತದೆ.

ರಾಕೆಟ್ಟಿನಲ್ಲಿ ಇಂಥ ಉದ್ದ ಪೈಪಿಗೆ ಜಾಗವೂ ಇಲ್ಲ, ಭಾರವೂ ಒಗ್ಗುವುದಿಲ್ಲ. ವಾಲ್ವ್ ಟ್ಯಾಂಕಿನ ಮೇಲೇ ಕೂರಬೇಕು, ಚಳಿಯನ್ನು ಪೂರ್ತಿ ಉಣ್ಣಬೇಕು, ಜೊತೆಗೆ ನಡುಕ ತಡೆಯಬೇಕು. ಇನ್ನೊಂದು ಸಂಗತಿ ಇದೆ, ಬಹಳ ಜನ ಯೋಚಿಸುವುದಿಲ್ಲ. ಸ್ಪ್ರಿಂಗ್ ಒಂದೇ ಇರುವ ವಾಲ್ವ್ ತೆರೆಯುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ನೋಡಿ. ನೆಲದ ಮೇಲೆ ಹೊರಗೆ 1 ಬಾರ್ ಇರುತ್ತದೆ, ಮೇಲೆ ಹೋದಂತೆ ಅದು ಸೊನ್ನೆಗೆ ಬರುತ್ತದೆ. ನೆಲದಲ್ಲಿ ಪೂರ್ಣ ಒತ್ತಡ 3 ಬಾರ್ ಆದಾಗ ತೆರೆಯುತ್ತಿದ್ದದ್ದು ಬಾಹ್ಯಾಕಾಶದಲ್ಲಿ 2 ಬಾರ್‌ಗೇ ತೆರೆಯುತ್ತದೆ. ಪಂಪಿಗೆ ಒತ್ತಡ ಬೇಕಾದ ಹೊತ್ತಿನಲ್ಲಿ ಅದು ದೊಡ್ಡ ವ್ಯತ್ಯಾಸ. ವಿನ್ಯಾಸ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಂತ ತೆರೆಯುವ ಕಡೆಯ ಲೆಕ್ಕ ಸುಲಭ ಅಂತಲ್ಲ. ಅಲ್ಲಿ ಕಷ್ಟ ಇರುವುದು ವಾಲ್ವ್‌ನಲ್ಲಿ ಅಲ್ಲ, 'ಅತಿ ಕೆಟ್ಟ ದಿನ' ಯಾವುದು ಅಂತ ತೀರ್ಮಾನಿಸುವುದರಲ್ಲಿ. ಹೀಲಿಯಂ ಟ್ಯಾಂಕಿನ ಹೊರಗವಚದ ನಿರ್ವಾತ ಒಮ್ಮೆಲೇ ಹೋಗಿ ಗಾಳಿ ಒಳಗೆ ನುಗ್ಗಿದರೆ, ಆ ಗಾಳಿ ತಣ್ಣಗಿನ ಗೋಡೆಯ ಮೇಲೆ ಹೆಪ್ಪುಗಟ್ಟುತ್ತಾ ತನ್ನ ಶಾಖವನ್ನೆಲ್ಲಾ ಅಲ್ಲಿ ಸುರಿಯುತ್ತದೆ. ಬರಿಯ ಗೋಡೆಯಾದರೆ ಚದರ ಮೀಟರಿಗೆ ಸುಮಾರು 38 ಕಿಲೋವ್ಯಾಟ್. ಹತ್ತು ಪದರದ ನಿರೋಧಕ ಹಾಳೆ ಸುತ್ತಿದ್ದರೆ ಅದು 6 ಕಿಲೋವ್ಯಾಟ್‌ಗೆ ಇಳಿಯುತ್ತದೆ. 1970ರ ದಶಕದ ಪ್ರಯೋಗಗಳ ಅಂಕಿ ಇವು, ಇವತ್ತಿಗೂ ಜಗತ್ತಿನ ಎಲ್ಲಾ ಕಡೆ ಬಳಸುತ್ತಾರೆ. ಒಂದು ಕಿಲೋ ದ್ರವ ಹೀಲಿಯಂ ಆವಿ ಆಗಲು ಬರೀ 21 ಕಿಲೋಜೌಲ್ ಸಾಕು. ಲೆಕ್ಕ ಹಾಕಿ ನೋಡಿ, 38 ಕಿಲೋವ್ಯಾಟ್ ಅಂದರೆ ಒಂದೊಂದು ಚದರ ಮೀಟರ್ ಗೋಡೆಯಿಂದ ಸೆಕೆಂಡಿಗೆ ಹತ್ತಿರ ಹತ್ತಿರ 15 ಲೀಟರ್ ದ್ರವ ಆವಿಯಾಗಿ ಏಳುತ್ತದೆ. ಮಾಮೂಲಿ ದಿನದ ಲೆಕ್ಕಕ್ಕೆ ಹಾಕಿದ ವಾಲ್ವ್ ಇದರ ಮುಂದೆ ಏನೂ ಅಲ್ಲ.

ಜಿನೀವಾದ ಸರ್ನ್ ಅನ್ನುವ ಕಣಭೌತಶಾಸ್ತ್ರ ಪ್ರಯೋಗಾಲಯದಲ್ಲಿ 2008ರ ಸೆಪ್ಟೆಂಬರ್ 19ರಂದು ಆದದ್ದು ಇಂಥದ್ದೇ. ಹೀಲಿಯಂನಿಂದ ತಣ್ಣಗಿಡುವ ಮ್ಯಾಗ್ನೆಟ್‌ಗಳ ದೊಡ್ಡ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಶುರುವಾಗಿ ಹತ್ತೇ ದಿನ ಕೂಡ ಆಗಿರಲಿಲ್ಲ. ಎರಡು ಮ್ಯಾಗ್ನೆಟ್‌ಗಳ ನಡುವಿನ ವಿದ್ಯುತ್ ಜೋಡಣೆ ಒಂದು ಕೈಕೊಟ್ಟಿತು. ಕಿಡಿ ಹೊತ್ತಿ ಹೀಲಿಯಂ ಪೈಪಿಗೆ ತೂತು ಬಿತ್ತು. ಹೀಲಿಯಂ ನಿರ್ವಾತದ ಕವಚದೊಳಗೆ ನುಗ್ಗಿತು. ಆ ಕವಚಕ್ಕೆ ರಿಲೀಫ್ ಇತ್ತು. ಅವು ತೆರೆದವು ಕೂಡ, ತಮ್ಮ ಕೆಲಸ ಮಾಡಿದವು. ಆದರೆ ಅವನ್ನು ಲೆಕ್ಕ ಹಾಕಿದ್ದದ್ದು ಸೆಕೆಂಡಿಗೆ 2 ಕಿಲೋ ಹೀಲಿಯಂಗೆ, ಬಂದದ್ದು 20 ಕಿಲೋದಷ್ಟು. ಟನ್‌ಗಟ್ಟಲೆ ತೂಗುವ ಮ್ಯಾಗ್ನೆಟ್‌ಗಳು ತಮ್ಮ ಜಾಗದಿಂದ ಕಿತ್ತು ಸರಿದವು. ಒಟ್ಟು ಸುಮಾರು 6 ಟನ್ ಹೀಲಿಯಂ ಹೋಯಿತು. 53 ಮ್ಯಾಗ್ನೆಟ್‌ಗಳನ್ನು ಸುರಂಗದಿಂದ ಹೊರಗೆ ತರಬೇಕಾಯಿತು, ಯಂತ್ರ ಮತ್ತೆ ಶುರುವಾದದ್ದು 2009ರ ನವೆಂಬರಿನಲ್ಲಿ. ಆಮೇಲೆ 200 ಮಿ.ಮೀ. ಬಾಯಿಯ ದೊಡ್ಡ ರಿಲೀಫ್‌ಗಳನ್ನು ಸೇರಿಸಿದರು. ವಾಲ್ವ್ ಕೆಟ್ಟದ್ದಲ್ಲ ಅದು. ಎಂಥ ಅಪಘಾತ ಆಗಬಹುದು ಅನ್ನುವ ಊಹೆ ಚಿಕ್ಕದಾಗಿತ್ತು. ಅದಕ್ಕೇ ಹೇಳುವುದು, ವಾಲ್ವ್ ಗಾತ್ರ ಲೆಕ್ಕ ಹಾಕುವ ಸೈಜಿಂಗ್ ಶೀಟ್‌ನಲ್ಲಿ ಕೊನೆಯ ಸಾಲಿನ ಉತ್ತರಕ್ಕಿಂತ ಮೊದಲ ಸಾಲಿನ ಊಹೆಯನ್ನು ಜಾಸ್ತಿ ಹೊತ್ತು ನೋಡಬೇಕು.

ಭಯಕ್ಕೆ ಸುಮ್ನೆ ದೊಡ್ಡ ವಾಲ್ವ್ ಹಾಕಿಬಿಡೋಣ ಅಂದರೆ ಅದೂ ತಪ್ಪು. ದಿನನಿತ್ಯದ ಸಣ್ಣ ಆವಿಗೆ ದೊಡ್ಡ ವಾಲ್ವ್ ಪೂರ್ತಿ ಏಳುವುದೂ ಇಲ್ಲ, ಪೂರ್ತಿ ಕೂರುವುದೂ ಇಲ್ಲ. ಅರೆಬರೆ ತೆರೆದು ಸೀಟ್ ಮೇಲೆ ಮಂಜು ಕಟ್ಟಿಸಿಕೊಳ್ಳುತ್ತದೆ. ಸಣ್ಣದೊಂದು ದಿನದ ಕೆಲಸಕ್ಕೆ, ದೊಡ್ಡದೊಂದು ಕೆಟ್ಟ ದಿನಕ್ಕೆ, ಎರಡರ ಸೆಟ್ ಪ್ರೆಶರ್ ನಡುವೆ ಅಂತರ. ನನ್ನ ಪ್ರಕಾರ ಇದೇ ಸರಿ.

ಇನ್ನು ಟೆಸ್ಟಿಂಗ್. ಮಾರುಕಟ್ಟೆಯಲ್ಲಿ ಬರುವ ಹೆಚ್ಚಿನ ವಾಲ್ವ್‌ಗಳ ಸರ್ಟಿಫಿಕೇಟ್ ಕೋಣೆಯ ಬಿಸಿಯಲ್ಲಿ ಮಾಡಿದ್ದು. ಗಾಳಿ ಅಥವಾ ನೈಟ್ರೋಜನ್ ಬಿಟ್ಟು ಒತ್ತಡ ಏರಿಸುತ್ತಾರೆ, ಎಲ್ಲಿ ತೆರೆಯಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಸೆಟ್ ಪ್ರೆಶರ್‌ನ ಶೇ 90ಕ್ಕೆ ಇಳಿಸಿ, ಹೊರಬಾಯಿಗೆ ಟ್ಯೂಬ್ ಹಾಕಿ ನೀರಿನಲ್ಲಿ ಅದ್ದಿ, ನಿಮಿಷಕ್ಕೆ ಎಷ್ಟು ಗುಳ್ಳೆ ಅಂತ ಎಣಿಸುತ್ತಾರೆ. ಒಳ್ಳೆಯ ಪರೀಕ್ಷೆಯೇ, ಬೇಡ ಅನ್ನುವುದಿಲ್ಲ. ಆದರೆ ಅದು ಹೇಳುವುದು ಬೆಚ್ಚಗಿನ ವಾಲ್ವ್ ಬಗ್ಗೆ.

ಚಳಿ ಪರೀಕ್ಷೆ ಬೇರೆಯೇ ಲೋಕ. ವಾಲ್ವನ್ನು ದ್ರವ ನೈಟ್ರೋಜನ್ ತೊಟ್ಟಿಗೆ ಇಳಿಸಿದ ತಕ್ಷಣ ತೊಟ್ಟಿ ಭೋರ್ ಅಂತ ಕುದಿಯುತ್ತದೆ, ಬಿಳಿ ಹೊಗೆ ಅಂಚು ದಾಟಿ ನೆಲಕ್ಕೆ ಇಳಿಯುತ್ತದೆ. ಕೊನೆಗೆ ಒಮ್ಮೆ ಜೋರಾಗಿ ಉಕ್ಕಿ ಸಟ್ಟಂತ ಶಾಂತವಾಗುತ್ತದೆ. ಹೊಸಬರು ಆಗಲೇ ಟೆಸ್ಟ್ ಶುರು ಮಾಡೋಣ ಅಂತಾರೆ. ಬೇಡ, ಹೊರಗಿನ ಮೈ ತಣ್ಣಗಾಗಿದೆ ಅಷ್ಟೇ. ಒಳಗಿನ ಡಿಸ್ಕ್, ಸ್ಪ್ರಿಂಗ್ ತಣ್ಣಗಾಗಲು ಇನ್ನೂ ಹೊತ್ತು ಬೇಕು, ಉಷ್ಣತೆ ಅಳೆಯುವ ಥರ್ಮೋಕಪಲ್ ನೋಡಿಯೇ ಮುಂದೆ ಹೋಗಬೇಕು. ಒಳಬಾಯಿಗೆ ಒಣ ಹೀಲಿಯಂ ಕೊಟ್ಟು ಹೊರಬಾಯಿಯನ್ನು ಲೀಕ್ ಡಿಟೆಕ್ಟರ್‌ಗೆ ಜೋಡಿಸುತ್ತೇವೆ. ತೆರೆಯುವ ಮುಂಚೆ ಲೀಕ್ ಎಷ್ಟು ಅಂತ ನೋಡಬೇಕು. ಒತ್ತಡ ಏರಿಸಿ ತೆರೆಸಬೇಕು. ಇಳಿಸಿ ಮುಚ್ಚಿಸಬೇಕು. ಮತ್ತೆ ಲೀಕ್ ನೋಡಬೇಕು. ಮತ್ತೆ ತೆರೆಸಬೇಕು. ನಾನು ಕಾಯುವುದು ತೆರೆಯುವ ಶಬ್ದಕ್ಕಲ್ಲ, ಮುಚ್ಚಿದ ಮೇಲೆ ಲೀಕ್‌ನ ಅಂಕಿ ಎಷ್ಟು ಬೇಗ ಇಳಿಯುತ್ತದೆ ಅನ್ನುವುದಕ್ಕೆ. ಒಳ್ಳೆಯ ವಾಲ್ವ್‌ನಲ್ಲಿ ಅಂಕಿ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಸೋಲುವ ವಾಲ್ವ್‌ನಲ್ಲಿ ಪ್ರತಿ ಸಲ ಸ್ವಲ್ಪ ಮೇಲೇ ನಿಲ್ಲುತ್ತದೆ. ಮೊದಲ ಸಲ ಮಿತಿಯೊಳಗೆ, ಎರಡನೇ ಸಲವೂ ಮಿತಿಯೊಳಗೆ. ಆ ಏರಿಕೆ ಕಂಡ ಮೇಲೆ ಪಾಸ್ ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ವಾಲ್ವ್ ಬಿಚ್ಚಿ ಸೀಟ್ ನೋಡಲೇಬೇಕು. ಬೆಚ್ಚಗಾದ ಮೇಲೆ ಮತ್ತೊಮ್ಮೆ ಟೆಸ್ಟ್ ಮಾಡಿದರೆ ಅದೇ ವಾಲ್ವ್ ಎಷ್ಟೋ ಸಲ ಪೂರ್ತಿ ಒಳ್ಳೆಯದಾಗಿ ಕಾಣುತ್ತದೆ, ಮೆತ್ತಗಾದ ಸೀಲ್ ಗೀರನ್ನು ನುಂಗಿಬಿಟ್ಟಿರುತ್ತದೆ.

ಹೈಡ್ರೋಜನ್‌ಗೆ ಹೋಗುವ ವಾಲ್ವನ್ನು ನೈಟ್ರೋಜನ್‌ನಲ್ಲಿ ಟೆಸ್ಟ್ ಮಾಡಿದರೆ ಸಾಕಾ ಅಂತ ಕೇಳುತ್ತಾರೆ. ಕುಗ್ಗುವ ಲೆಕ್ಕದಲ್ಲಿ ಬಹುಪಾಲು ಸಾಕು. ಟೆಫ್ಲಾನ್ ಆಗಲಿ ಸ್ಟೀಲ್ ಆಗಲಿ ಹೀಲಿಯಂ ಚಳಿಯವರೆಗೆ ಕುಗ್ಗುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೈಟ್ರೋಜನ್ ಚಳಿಗೆ ಬರುವಷ್ಟರಲ್ಲೇ ಮುಗಿದಿರುತ್ತದೆ. ಆದರೆ ಟೆಸ್ಟ್ ಬೆಂಚಿನ ಮೇಲೆ ವಾಲ್ವ್ ಒಂಟಿಯಾಗಿ ಕೂತಿರುತ್ತದೆ. ನಿಜವಾದ ಜಾಗದಲ್ಲಿ ಅದನ್ನು ಫ್ಲೇಂಜ್‌ಗೆ (ಜೋಡಣೆಯ ಚಪ್ಪಟೆ ಅಂಚಿಗೆ) ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಒಂದು ಕಡೆ ಪೈಪ್ ಎಳೆಯುತ್ತಿರುತ್ತದೆ. ಎಲ್ಲವೂ ಕುಗ್ಗಿದಾಗ ವಾಲ್ವ್‌ನ ಮೈ ಸ್ವಲ್ಪ ತಿರುಚಿದರೂ ಸೀಟ್‌ನ ಉಂಗುರ ಸಮತಟ್ಟು ಉಳಿಯುವುದಿಲ್ಲ. ಜಿಎಸ್‌ಎಲ್‌ವಿ ವರದಿಯ 'ಕೂರಿಸಿದ ಬಿಗಿತದ ಒತ್ತಡ' ಅನ್ನುವ ಮಾತು ಇದನ್ನೇ ನೆನಪಿಸುತ್ತದೆ. ಹಾಗಾಗಿ ನಿಜವಾದ ಬ್ರಾಕೆಟ್, ನಿಜವಾದ ಬೋಲ್ಟ್ ಬಿಗಿತ, ಪಕ್ಕದ ಪೈಪಿನ ತುಂಡು ಎಲ್ಲಾ ಸೇರಿಸಿಯೇ ಚಳಿ ಪರೀಕ್ಷೆ ಮಾಡಬೇಕು. ಖರ್ಚು ಜಾಸ್ತಿ, ಗೊತ್ತು. ಉಪಗ್ರಹದ ಖರ್ಚಿನ ಪಕ್ಕ ಇಟ್ಟು ನೋಡಿ.

ಮುಚ್ಚದ ವಾಲ್ವ್ ಇನ್ನೊಂದು ಅಪಾಯಕ್ಕೂ ದಾರಿ. ಸದಾ ಸುಯ್‌ಗುಡುವ ವಾಲ್ವ್ ಪಕ್ಕದಲ್ಲಿ ಕೆಲಸ ಮಾಡುವವರಿಗೆ ಕಿರಿಕಿರಿ, ಅನಿಲವೂ ದಂಡ. ಯಾರಿಗಾದರೂ ಅದನ್ನು ಕಿತ್ತು ಪ್ಲಗ್ ಹಾಕಿಬಿಡೋಣ ಅನ್ನಿಸುತ್ತದೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಲ್ಯಾಬ್ ಒಂದರಲ್ಲಿ ದ್ರವ ನೈಟ್ರೋಜನ್ ಸಿಲಿಂಡರ್‌ನ ರಿಲೀಫ್ ವಾಲ್ವ್, ರಪ್ಚರ್ ಡಿಸ್ಕ್ ಎರಡನ್ನೂ ತೆಗೆದು ಹಿತ್ತಾಳೆ ಪ್ಲಗ್ ಹಾಕಿದ್ದರು. 2006ರ ಜನವರಿಯ ಒಂದು ರಾತ್ರಿ ಅದರ ತಳ ಸಿಡಿಯಿತು, ಸಿಲಿಂಡರ್ ರಾಕೆಟ್ಟಿನಂತೆ ಎದ್ದು ಮೇಲಿನ ಕಾಂಕ್ರೀಟ್ ತಾರಸಿ ತೂರಿ ಹೋಯಿತು. ಅಪರಾತ್ರಿ ಆದ್ದರಿಂದ ಯಾರೂ ಇರಲಿಲ್ಲ, ಯಾರಿಗೂ ಏಟಾಗಲಿಲ್ಲ. ನಮ್ಮ ಊರುಗಳಲ್ಲೂ ಕೋವಿಡ್ ನಂತರ ಎಷ್ಟೊಂದು ಆಸ್ಪತ್ರೆಗಳ ಹಿತ್ತಲಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಬಂದಿವೆ. ದೊಡ್ಡ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಎರಡು ರಿಲೀಫ್ ವಾಲ್ವ್, ನಡುವೆ ಒಂದು ಬದಲಿ ಹಿಡಿಕೆ ಇರುತ್ತದೆ. ಒಂದು ಸೋರಿದರೆ ಹಿಡಿಕೆ ತಿರುಗಿಸಿ ಇನ್ನೊಂದಕ್ಕೆ ಹೋಗಿ, ಸೋರಿದ್ದನ್ನು ಕಳಿಸಿ ರಿಪೇರಿ ಮಾಡಿಸಬಹುದು. ಅದು ಇರುವುದೇ ಅದಕ್ಕೆ. ಅಲ್ಲಿ ಕೆಲಸ ಮಾಡುವವರಿಗೆ ಯಾರಾದರೂ ಆ ಹಿಡಿಕೆ ತೋರಿಸಿಕೊಡಬೇಕು ಅಷ್ಟೇ.

ಆ ಜಿಎಸ್‌ಎಲ್‌ವಿ ಸೋತ ಮೇಲೆ ಇಸ್ರೋ ಮಾಡಿದ ತಿದ್ದುಪಡಿ ನನಗೆ ಬಹಳ ಹಿಡಿಸಿತು. ವಾಲ್ವನ್ನೂ ಅದರ ಸುತ್ತಲಿನ ಪೈಪ್‌ಗಳನ್ನೂ ಗಟ್ಟಿ ಮಾಡಿ ಅಂತ ಸಮಿತಿ ಹೇಳಿತು, ಅದು ಎಲ್ಲರೂ ಹೇಳುವ ಮಾತು. ಅಷ್ಟಕ್ಕೇ ನಿಲ್ಲದೆ, ಎಂಜಿನ್ ಶುರುವಾಗುವ ಮುಂಚೆ ಹೈಡ್ರೋಜನ್ ಟ್ಯಾಂಕಿನಲ್ಲಿ ಬೇಕಾದ ಒತ್ತಡ ಇರುವಂತೆ ನೋಡಿಕೊಳ್ಳಲು ಸಕ್ರಿಯವಾಗಿ ಒತ್ತಡ ತುಂಬುವ ವ್ಯವಸ್ಥೆಯನ್ನೂ ಸೇರಿಸಿ ಅಂತ ಹೇಳಿತು. ಹಾರಾಟಕ್ಕೆ ಒಪ್ಪಿಗೆ ಕೊಡುವ ಮುಂಚೆ ಕ್ರಯೋ ಹಂತದ ಇನ್ನಷ್ಟು ಅಂಕಿಗಳನ್ನು ಕಂಪ್ಯೂಟರೇ ನೋಡಿಕೊಳ್ಳಲಿ ಅಂತಲೂ ಹೇಳಿತು. ಅಂದರೆ ಸೀಲ್ ಸ್ವಲ್ಪ ಸೋರಿದರೂ ಎಂಜಿನ್ ಹೊತ್ತಬೇಕು. ಮುಂದಿನ ಜಿಎಸ್‌ಎಲ್‌ವಿ ಹಾರಾಟ ಎಫ್12, 2023ರ ಮೇ 29ರಂದು. ಕ್ರಯೋಜೆನಿಕ್ ಹಂತ ಹೊತ್ತಿಕೊಂಡಿತು, ಎನ್‌ವಿಎಸ್-01 ಉಪಗ್ರಹ ಕಕ್ಷೆ ಸೇರಿತು.